ಚಾಫ್ ಕಟರ್: ಕೈಗೂ ಪೆಟ್ಟಾಗದಿರಲಿ, ಹಸುವಿಗೂ ಪೆಟ್ಟಾಗದಿರಲಿ



ರಾಗಿಹುಲ್ಲಾಗಲಿ, ಮುಸುಕಿನ ಜೋಳದ ದಂಟಾಗಲಿ, ಬೋರ್‌ವೆಲ್ ನೀರಲ್ಲಿ ಬೆಳೆದ ನೇಪಿಯರ್ ಆಗಲಿ, ಉದ್ದಕ್ಕೇ ಗೋದಲಿಗೆ ಹಾಕಿದರೆ ಹಸು ಎಲೆ ಆರಿಸಿ ತಿಂದು ದಂಟು ಬಿಡುತ್ತದೆ. ಬಿಟ್ಟದ್ದು ಕಾಲಡಿ ಸಿಕ್ಕಿ ತಿಪ್ಪೆ ಸೇರುತ್ತದೆ. ಮಳೆ ಕೈಕೊಟ್ಟ ವರ್ಷ ಮೇವನ್ನು ದುಡ್ಡು ಕೊಟ್ಟು ತರಿಸುವ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ರೈತರಿಗೆ ಇದು ನೇರ ನಷ್ಟ. ಅದಕ್ಕೇ ಮೂರು ನಾಲ್ಕು ಹಸು ಇರುವ ಮನೆಗಳಿಗೂ ಈಗ ಕರೆಂಟ್ ಚಾಫ್ ಕಟರ್ ಬಂದಿದೆ. ಒಳ್ಳೆಯ ಬೆಳವಣಿಗೆ.

ಪಶುವೈದ್ಯರಿಗೂ ಈ ಯಂತ್ರಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ. ಸರಿಯಾಗಿ ನೋಡಿಕೊಳ್ಳದ ಬ್ಲೇಡ್ ನಿಮ್ಮ ಬೆರಳನ್ನು ತೆಗೆಯಬಹುದು. ಅದೇ ಬ್ಲೇಡಿನ ಮುರಿದ ಚೂರು ಹಸುವಿನ ಪ್ರಾಣ ತೆಗೆಯಬಹುದು.

ಎಲ್ಲಿ ಕೂರಿಸಬೇಕು?

ಸಮತಟ್ಟಾದ ಸಿಮೆಂಟ್ ನೆಲದ ಮೇಲೆ, ಬೋಲ್ಟ್ ಹಾಕಿ ಅಲುಗಾಡದಂತೆ ಬಿಗಿಯಿರಿ. ಮಣ್ಣಿನ ಮೇಲೆ ಇಟ್ಟು ಕಲ್ಲು ಒತ್ತು ಕೊಟ್ಟರೆ ಯಂತ್ರ ನಡುಗುತ್ತದೆ, ಬೋಲ್ಟುಗಳು ಸಡಿಲವಾಗುತ್ತವೆ. ಮೇಲೆ ಸೂರು, ಸಾಕಷ್ಟು ಬೆಳಕು ಇರಲಿ. ಹಸು, ಕರುಗಳು ಸುಳಿಯದ, ಮಕ್ಕಳು ಆಡದ ಜಾಗವಾಗಿರಲಿ.

ಮೇವು ಕೊಡುವ ಬಾಯಿ, ಕೈ ಪೂರ್ತಿ ಚಾಚಿದರೂ ಒಳಗಿನ ರೋಲರ್ ಮುಟ್ಟದಷ್ಟು ಉದ್ದವಿರಬೇಕು, ಮೇಲ್ಭಾಗ ಮುಚ್ಚಿರಬೇಕು. ಕೊಳ್ಳುವಾಗ ಮೊದಲು ಇದನ್ನೇ ನೋಡಿ. ಬೆಲ್ಟ್, ಗಿಯರ್ ಮತ್ತು ಬ್ಲೇಡ್ ಚಕ್ರದ ಮೇಲಿನ ಮುಚ್ಚಳಗಳನ್ನು ಅಡ್ಡ ಬರುತ್ತವೆ ಎಂದು ಬಿಚ್ಚಿಡಬೇಡಿ.

ಕರೆಂಟ್ ಹೋಗಿ ಬಂದಾಗ

ನಮ್ಮ ಕಡೆ ದೊಡ್ಡ ಅಪಾಯ ಇದು. ಮೇವು ಸಿಕ್ಕಿಕೊಂಡಿರುತ್ತದೆ, ಅಷ್ಟರಲ್ಲಿ ಕರೆಂಟ್ ಹೋಗುತ್ತದೆ. ಹೇಗೂ ನಿಂತಿದೆಯಲ್ಲ ಎಂದು ಒಳಗೆ ಕೈ ಹಾಕುತ್ತೀರಿ. ಸ್ವಿಚ್ ಮಾತ್ರ ಆನ್ ಆಗಿಯೇ ಇದೆ. ಕರೆಂಟ್ ಬಂದ ಕ್ಷಣ ಚಕ್ರ ತಿರುಗುತ್ತದೆ.

ಇದಕ್ಕೆ ಪರಿಹಾರ ದುಬಾರಿಯೇನಲ್ಲ. ಬರೀ ಸ್ವಿಚ್ ಬದಲು ಮೋಟರಿಗೆ ತಕ್ಕ ಸ್ಟಾರ್ಟರ್ ಹಾಕಿಸಿ. ಕರೆಂಟ್ ಹೋದಾಗ ಅದು ತಾನೇ ಆಫ್ ಆಗುತ್ತದೆ, ಹಸಿರು ಗುಂಡಿ ಮತ್ತೆ ಒತ್ತಿದರೆ ಮಾತ್ರ ಚಾಲೂ ಆಗುತ್ತದೆ. ಬೋರ್‌ವೆಲ್ ಮೋಟರಿಗೆ ಹಾಕುವ ಆಟೋ ಸ್ಟಾರ್ಟರನ್ನು ಚಾಫ್ ಕಟರ್‌ಗೆ ಎಂದೂ ಜೋಡಿಸಬೇಡಿ. ಅರ್ಥಿಂಗ್ ಕಡ್ಡಾಯ, ಜೊತೆಗೆ ಆರ್‌ಸಿಸಿಬಿಯೂ ಇರಲಿ. ಕೊಟ್ಟಿಗೆಯ ನೆಲ ಸದಾ ಒದ್ದೆ ಎಂಬುದು ನೆನಪಿರಲಿ.

ಮೇವು ಸಿಕ್ಕಿಕೊಂಡರೆ ಹಿಮ್ಮುಖ ಲಿವರ್ ಎಳೆದು ಹೊರಗೆ ಬರಿಸಿ. ಆಗಲೂ ಬರದಿದ್ದರೆ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಚಕ್ರ ಪೂರ್ತಿ ನಿಲ್ಲುವವರೆಗೆ ಕಾಯಿರಿ. ಆಫ್ ಮಾಡಿದ ಮೇಲೂ ಚಕ್ರ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ. ಆಮೇಲೂ ಕೈ ಬೇಡ, ಕೋಲಿನಿಂದ ಬಿಡಿಸಿ.

ಬ್ಲೇಡ್ ಆರೈಕೆ

ಮೊಂಡು ಬ್ಲೇಡ್ ಮೇವನ್ನು ಕತ್ತರಿಸದೆ ಜಗ್ಗುತ್ತದೆ. ಮೇವು ಸಿಕ್ಕಿಕೊಳ್ಳುವುದೂ ನಾವು ಕೈ ಹಾಕುವುದೂ ಆಗಲೇ. ಆದ್ದರಿಂದ ಬ್ಲೇಡ್ ಹರಿತವಾಗಿರುವುದೇ ಸುರಕ್ಷಿತ.

* ಎಲ್ಲಾ ಬ್ಲೇಡ್‌ಗಳನ್ನೂ ಒಟ್ಟಿಗೇ ಸಾಣೆ ಹಿಡಿಸಿ, ಒಟ್ಟಿಗೇ ಬದಲಿಸಿ. ತೂಕದಲ್ಲಿ ವ್ಯತ್ಯಾಸವಾದರೆ ಚಕ್ರ ನಡುಗುತ್ತದೆ.
* ಬ್ಲೇಡಿಗೂ ಎದುರಿನ ಪಟ್ಟಿಗೂ ನಡುವೆ ಸಂದು ಬಹಳ ಕಡಿಮೆ ಇರಬೇಕು, ಆದರೆ ಎರಡೂ ತಾಗಬಾರದು. ಬಿಗಿದ ಮೇಲೆ ಪ್ಲಗ್ ಹಾಕುವ ಮೊದಲು ಚಕ್ರವನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ನೋಡಿ.
* ವಾರಕ್ಕೊಮ್ಮೆ ಬ್ಲೇಡಿನ ಬೋಲ್ಟ್, ಬೆಲ್ಟಿನ ಬಿಗಿ ನೋಡಿ, ಬೇರಿಂಗ್‌ಗೆ ಗ್ರೀಸ್ ಹಾಕಿ. ಪ್ಲಗ್ ಕಿತ್ತ ಮೇಲೆಯೇ ಇದೆಲ್ಲ.
* ಮೇವು 1ರಿಂದ ಒಂದೂವರೆ ಇಂಚಿಗೆ ಕತ್ತರಿಸಿದರೆ ಸಾಕು. ತೀರಾ ಪುಡಿ ಮಾಡಿದರೆ ಹಸು ಮೆಲುಕು ಹಾಕುವುದು ಕಡಿಮೆಯಾಗಿ ಹಾಲಿನ ಫ್ಯಾಟ್ ಇಳಿಯುತ್ತದೆ.

ಹಸುವಿನ ಹೊಟ್ಟೆಗೆ ಕಬ್ಬಿಣ

ಹಸು ಮೇವನ್ನು ಅಗಿದು ನುಂಗುವುದಿಲ್ಲ. ಗಬಗಬನೆ ನುಂಗಿ ಆಮೇಲೆ ಮೆಲುಕು ಹಾಕುತ್ತದೆ. ಮೇವಿನಲ್ಲಿ ಕಬ್ಬಿಣದ ಚೂರಿದ್ದರೆ ಅದೂ ಒಳಗೆ ಹೋಗಿ ಎರಡನೇ ಹೊಟ್ಟೆಯಲ್ಲಿ ನಿಲ್ಲುತ್ತದೆ. ಆ ಹೊಟ್ಟೆಗೂ ಹೃದಯಕ್ಕೂ ನಡುವೆ ಇರುವುದು ತೆಳ್ಳನೆಯ ಪರದೆ. ಗಬ್ಬದ ಕೊನೆಯ ತಿಂಗಳಲ್ಲಿ ಅಥವಾ ಕರು ಹಾಕುವಾಗ ಮುಕ್ಕುವ ಒತ್ತಡಕ್ಕೆ ಚೂಪಾದ ಚೂರು ಮುಂದೆ ಸರಿದು ಹೃದಯಕ್ಕೇ ಚುಚ್ಚಬಹುದು.

ಹಾಲು ಏಕಾಏಕಿ ಇಳಿಯುವುದು, ಮೆಲುಕು ನಿಲ್ಲುವುದು, ಬೆನ್ನು ಬಾಗಿಸಿ ನಿಲ್ಲುವುದು, ಏಳುವಾಗ ಮಲಗುವಾಗ ನರಳುವುದು, ಮುಂಗಾಲಿನ ಮೊಣಕೈ ಹೊರಕ್ಕೆ ಚಾಚುವುದು ಇದರ ಲಕ್ಷಣಗಳು. ತಡ ಮಾಡದೆ 1962ಕ್ಕೆ ಅಥವಾ ನಿಮ್ಮ ಪಶುವೈದ್ಯರಿಗೆ ಕರೆ ಮಾಡಿ. ಎದೆಯ ಮುಂದೆ ಗಂಗೆದೊಗಲಿನಲ್ಲಿ ಊತ ಬಂದ ಮೇಲೆ ಹಸು ಉಳಿಯುವುದು ತೀರಾ ಕಷ್ಟ.

ಆದ್ದರಿಂದ ಪ್ರತಿ ದಿನ ಕತ್ತರಿಸಿದ ಮೇಲೆ ಬ್ಲೇಡಿನ ಅಂಚು ಮತ್ತು ಬೋಲ್ಟುಗಳನ್ನು ನೋಡಿ. ಅಂಚು ಮುರಿದಿದ್ದರೆ, ನಟ್ ಕಾಣೆಯಾಗಿದ್ದರೆ, ಅದು ಸಿಗುವವರೆಗೆ ಆ ರಾಶಿಯ ಮೇವು ಹಾಕಬೇಡಿ. ಮೇವಿನಲ್ಲಿ ದೊಡ್ಡ ಅಯಸ್ಕಾಂತ ಆಡಿಸಿದರೆ ಚೂರು ಅಂಟಿಕೊಳ್ಳುತ್ತದೆ. ಆದರೂ ಸಿಗದಿದ್ದರೆ ಆ ರಾಶಿಯನ್ನು ತಿಪ್ಪೆಗೆ ಹಾಕಿ. ಒಂದು ಹೊರೆ ಮೇವಿಗಿಂತ ಹಸು ದೊಡ್ಡದು. ಯಂತ್ರಕ್ಕೆ ಕೊಡುವ ಮೊದಲು ಹುಲ್ಲಿನಲ್ಲಿ ಬೇಲಿ ತಂತಿ, ಸುಟ್ಟ ಟೈರಿನ ತಂತಿ, ಪ್ಲಾಸ್ಟಿಕ್ ದಾರ ಇದ್ದರೆ ತೆಗೆಯಿರಿ.

ಕೆಲಸ ಮಾಡುವವರು

ಬಹುಪಾಲು ಮನೆಗಳಲ್ಲಿ ಮೇವು ಕತ್ತರಿಸುವವರು ಹೆಣ್ಣುಮಕ್ಕಳು. ಸೆರಗು ಬಿಗಿಯಾಗಿ ಸಿಕ್ಕಿಸಿ, ಜಡೆ ಗಂಟು ಕಟ್ಟಿ, ಬಳೆ ತೆಗೆದಿಟ್ಟು ನಿಲ್ಲಿ. ಗಂಡಸರು ಹೆಗಲ ಮೇಲಿನ ಟವೆಲ್ ತೆಗೆದಿಡಿ. ಕುಡಿದವರು, ನಿದ್ದೆಗೆಟ್ಟವರು ಯಂತ್ರದ ಹತ್ತಿರ ಹೋಗಬೇಡಿ. ಶಾಲೆಯಿಂದ ಬಂದ ಮಕ್ಕಳ ಕೈಗೆ ಈ ಕೆಲಸ ಕೊಡಲೇಬೇಡಿ.

ಅಪಘಾತವಾದರೆ

ಶುದ್ಧ ಬಟ್ಟೆಯಿಂದ ಗಾಯವನ್ನು ಬಿಗಿಯಾಗಿ ಒತ್ತಿ, ಕೈ ಮೇಲಕ್ಕೆತ್ತಿ ಹಿಡಿದು 108ಕ್ಕೆ ಕರೆ ಮಾಡಿ. ಬೆರಳು ತುಂಡಾಗಿದ್ದರೆ ಅರಿಶಿನ, ಕಾಫಿಪುಡಿ ಮೆತ್ತಬೇಡಿ. ತುಂಡನ್ನು ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸ್ ಇರುವ ಡಬ್ಬದಲ್ಲಿಡಿ. ತುಂಡಿಗೆ ಐಸ್ ನೇರವಾಗಿ ತಾಗಬಾರದು. ಬೇಗ ಹೋದಷ್ಟೂ ಬೆರಳು ಮರುಜೋಡಣೆಯಾಗುವ ಅವಕಾಶ ಹೆಚ್ಚು. ಪಾವಗಡದಿಂದ ತುಮಕೂರಿಗೇ ಸುಮಾರು 100 ಕಿ.ಮೀ. ಇದೆ, ಹೊರಡುವುದು ತಡವಾಗದಿರಲಿ.

ಇಂದು ಸಂಜೆ ಹಾಲು ಹಾಕಿ ಬಂದ ಮೇಲೆ, ಪ್ಲಗ್ ಕಿತ್ತು, ಒಂದು ಸ್ಪ್ಯಾನರ್ ಹಿಡಿದು ನಿಮ್ಮ ಚಾಫ್ ಕಟರ್ ಮುಂದೆ ಹತ್ತು ನಿಮಿಷ ಕೂರಿ. ಬೋಲ್ಟ್, ಬ್ಲೇಡ್, ಮುಚ್ಚಳ, ಸ್ಟಾರ್ಟರ್ ನಾಲ್ಕನ್ನೂ ನೋಡಿ. ಒಂದು ಸರಿಯಿಲ್ಲದಿದ್ದರೂ ಅದನ್ನು ಸರಿಪಡಿಸಿದ ಮೇಲೆಯೇ ಮೇವು ಕತ್ತರಿಸಿ.

— ಪಶುವೈದ್ಯಾಧಿಕಾರಿ