ಫೈಬರ್ ಪೆಟ್ಟಿಗೆಯೊಳಗಿನ ಪೇಟೆಂಟ್: ರಾಯಲ್ಟಿ ಯಾರ ಹೊಣೆ?

ಶಿವಮೊಗ್ಗ ನಗರ ಮತ್ತು ಭದ್ರಾವತಿಯಲ್ಲಿ ಹಿಂದೆ ಟೆಲಿವಿಷನ್ ಕೇಬಲ್ ಸಂಪರ್ಕ ನೀಡುತ್ತಿದ್ದ ವ್ಯವಹಾರಸ್ಥರಲ್ಲಿ ಅನೇಕರು ಇಂದು ಫೈಬರ್ ಮೂಲಕ ಮನೆ, ಅಂಗಡಿ, ಕಾರ್ಖಾನೆಗಳಿಗೆ ಬ್ರಾಡ್‌ಬ್ಯಾಂಡ್ ಒದಗಿಸುತ್ತಿದ್ದಾರೆ. ಇವರ ಮಾತಿನಲ್ಲಿ ‘ಲೈಸೆನ್ಸ್’ ಎಂದರೆ ದೂರಸಂಪರ್ಕ ಇಲಾಖೆಯ ಅನುಮತಿ. ಹೆಚ್ಚೆಂದರೆ ಕಂಬಗಳ ಮೇಲೆ ಕೇಬಲ್ ಎಳೆಯಲು ಮೆಸ್ಕಾಂ ಅಥವಾ ಸ್ಥಳೀಯ ಸಂಸ್ಥೆ ನೀಡುವ ಒಪ್ಪಿಗೆ. ಇವುಗಳಿಗೆ ಸಂಬಂಧವೇ ಇಲ್ಲದ ಮತ್ತೊಂದು ಪರವಾನಗಿ ಇದೆ. ಅದು ಗ್ರಾಹಕರ ಗೋಡೆಗೆ ಅಳವಡಿಸುವ ಓ.ಎನ್.ಟಿ. ಪೆಟ್ಟಿಗೆಯೊಳಗಿನ ತಂತ್ರಜ್ಞಾನದ ಪೇಟೆಂಟ್ ಪರವಾನಗಿ. ಅದರ ಹಣವನ್ನು ಯಾರು, ಯಾವ ಹಂತದಲ್ಲಿ ಪಾವತಿಸಿದ್ದಾರೆ ಎಂದು ಖರೀದಿಯ ದಿನವೇ ವಿಚಾರಿಸದಿದ್ದರೆ, ಮುಂದೆ ನ್ಯಾಯಾಲಯದಲ್ಲಿಯೋ ತೆರಿಗೆ ಅಧಿಕಾರಿಯ ಮುಂದೆಯೋ ಉತ್ತರಿಸಬೇಕಾದೀತು.

ಫೈಬರ್ ಜಾಲಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವುದು ಜಿಪಾನ್ ಎಂಬ ಮಾನಕ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಇದನ್ನು 2003ರಲ್ಲಿ ಅಂಗೀಕರಿಸಿತು. ಒಂದೇ ಎಳೆಯನ್ನು ಸ್ಪ್ಲಿಟರ್ ಮೂಲಕ ಹತ್ತಾರು ಮನೆಗಳಿಗೆ ಹಂಚಿ, ಸೆಕೆಂಡಿಗೆ 2.488 ಗಿಗಾಬಿಟ್ ವೇಗವನ್ನು ಎಲ್ಲರಿಗೂ ಒಟ್ಟಾಗಿ ಒದಗಿಸುವ ವಿಧಾನವಿದು. ಇಂತಹ ಮಾನಕ ಒಬ್ಬರ ಆವಿಷ್ಕಾರವಲ್ಲ. ಅನೇಕ ಕಂಪನಿಗಳ ಪೇಟೆಂಟ್‌ಗಳು ಅದರಲ್ಲಿ ಹೆಣೆದುಕೊಂಡಿರುತ್ತವೆ. ಪೆಟ್ಟಿಗೆಯಲ್ಲಿ ವೈ-ಫೈ ಸಹ ಇದ್ದರೆ ಹಕ್ಕುದಾರರ ಪಟ್ಟಿ ಇನ್ನೂ ಉದ್ದವಾಗುತ್ತದೆ. ಮಾನಕವನ್ನು ಪಾಲಿಸಬೇಕಾದರೆ ಆ ಪೇಟೆಂಟ್‌ಗಳನ್ನು ಬಳಸದೆ ಗತ್ಯಂತರವಿಲ್ಲ. ಆದ್ದರಿಂದಲೇ ಹಕ್ಕುದಾರರು ಉಚಿತವಾಗಿ ಅಥವಾ ನ್ಯಾಯಸಮ್ಮತ, ತಾರತಮ್ಯವಿಲ್ಲದ ಷರತ್ತುಗಳ ಮೇಲೆ ಪರವಾನಗಿ ನೀಡುವುದಾಗಿ ಘೋಷಿಸಬೇಕೆಂದು ಒಕ್ಕೂಟ ಕೇಳುತ್ತದೆ. ದರವನ್ನು ಮಾತ್ರ ಅದು ನಿಗದಿಪಡಿಸುವುದಿಲ್ಲ. ಜಗಳ ಹುಟ್ಟುವುದು ಅಲ್ಲಿಯೇ.

ತಂತ್ರಜ್ಞಾನದ ಪರವಾನಗಿ ಕನ್ನಡ ನಾಡಿಗೆ ಹೊಸದೇನಲ್ಲ. 1984ರಲ್ಲಿ ಸ್ಥಾಪನೆಗೊಂಡ ಸಿ-ಡಾಟ್ ಸಂಸ್ಥೆ ರೂಪಿಸಿದ 128 ಸಂಪರ್ಕಗಳ ಗ್ರಾಮೀಣ ದೂರವಾಣಿ ವಿನಿಮಯ ಕೇಂದ್ರ ಮೊದಲಿಗೆ ಕಾರ್ಯಾರಂಭ ಮಾಡಿದ್ದು 1986ರ ಜುಲೈನಲ್ಲಿ, ನಮ್ಮ ಕಿತ್ತೂರಿನಲ್ಲಿ. ಆ ವಿನ್ಯಾಸವನ್ನು ಸಿ-ಡಾಟ್ ತಾನೇ ಕಾರ್ಖಾನೆ ತೆರೆದು ಮಾರಲಿಲ್ಲ. ಪರವಾನಗಿಯ ಮೂಲಕ ತಯಾರಕರಿಗೆ ವರ್ಗಾಯಿಸಿತು. ಮುಂದೆ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಕೊಂಡೊಯ್ಯುವ ಯೋಜನೆಗೆ ತನ್ನ ಜಿಪಾನ್ ವಿನ್ಯಾಸವನ್ನೂ ಹೀಗೆಯೇ ನೀಡಿತು. ಇಲ್ಲೊಂದು ಸೂಕ್ಷ್ಮವಿದೆ. ವಿನ್ಯಾಸದ ಒಡೆಯರು ಯಾರೇ ಆಗಲಿ, ತಮ್ಮದನ್ನು ಮಾತ್ರ ಕೊಡಬಲ್ಲರು. ಮಾನಕದೊಳಗೆ ಮೂರನೆಯವರ ಪೇಟೆಂಟ್ ಇದ್ದರೆ ಅದರ ಹೊಣೆ ಯಾರದೆಂದು ಕರಾರಿನಲ್ಲಿ ಪ್ರತ್ಯೇಕವಾಗಿ ಬರೆಯಬೇಕು. ಮಾಚೇನಹಳ್ಳಿಯಲ್ಲಿ ಇಂತಹ ಉಪಕರಣಗಳ ಜೋಡಣೆಗೆ ಕೈಹಾಕಬಯಸುವ ಉದ್ಯಮಿಗಳು ಮೊದಲು ಓದಬೇಕಾದ ಷರತ್ತು ಇದು.

‘ನಾನು ತಯಾರಕನಲ್ಲ, ಬರೀ ಕೊಂಡು ಬಳಸುವವನು; ನನಗೇನು?’ ಎಂದು ಕೇಳುವವರುಂಟು. 1970ರ ಪೇಟೆಂಟ್ ಕಾಯ್ದೆಯ 48ನೇ ಸೆಕ್ಷನ್ ತಯಾರಿಕೆ, ಮಾರಾಟ, ಆಮದುಗಳೊಡನೆ ಬಳಕೆಯನ್ನೂ ಹಕ್ಕುದಾರರ ಏಕಸ್ವಾಮ್ಯಕ್ಕೆ ಸೇರಿಸಿದೆ. ಭಾರತದಲ್ಲಿ ಮಂಜೂರಾಗಿ ಜಾರಿಯಲ್ಲಿರುವ ಪೇಟೆಂಟ್‌ಗೆ ಮಾತ್ರ ಈ ಬಲವಿದೆಯೆಂಬುದು ನಿಜ. ಕಾನೂನುಬದ್ಧ ಅಧಿಕಾರವುಳ್ಳವರಿಂದ ಆಮದು ಮಾಡಿಕೊಂಡ ವಸ್ತುವಿಗೆ 107ಎ ಸೆಕ್ಷನ್ ರಕ್ಷಣೆ ನೀಡುತ್ತದೆ. ಪೇಟೆಂಟ್ ಇದೆಯೆಂದು ತಿಳಿದಿರಲಿಲ್ಲ, ತಿಳಿಯಲು ಸಕಾರಣವೂ ಇರಲಿಲ್ಲವೆಂದು ರುಜುವಾತುಪಡಿಸಿದವರಿಗೆ 111ನೇ ಸೆಕ್ಷನ್ ನಷ್ಟಪರಿಹಾರದಿಂದ ವಿನಾಯಿತಿಯನ್ನೂ ಕೊಡುತ್ತದೆ. ಆದರೆ ತಡೆಯಾಜ್ಞೆಯಿಂದ ಅಲ್ಲ. ಸಾವಿರಾರು ಮನೆಗಳಿಗೆ ಸಂಪರ್ಕ ಕೊಟ್ಟವರಿಗೆ ದಂಡಕ್ಕಿಂತ ತಡೆಯಾಜ್ಞೆಯೇ ಹೆಚ್ಚು ಭಯಾನಕ.

ಸಣ್ಣವರನ್ನು ಯಾರೂ ಕೇಳುವುದಿಲ್ಲವೆಂಬ ಧೈರ್ಯವೂ ಸಲ್ಲದು. ಡಿ.ವಿ.ಡಿ. ಪ್ಲೇಯರ್‌ಗಳ ವಿಷಯದಲ್ಲಿ ಫಿಲಿಪ್ಸ್ ಕಂಪನಿ ದೊಡ್ಡ ಬ್ರಾಂಡ್‌ಗಳ ಮೇಲಲ್ಲ, ಬಿಡಿಭಾಗ ತರಿಸಿ ಜೋಡಿಸುತ್ತಿದ್ದ ನಮ್ಮ ದೇಶದ ತಯಾರಕರ ಮೇಲೆ ದಾವೆ ಹೂಡಿತ್ತು. ಬಿಡಿಭಾಗಗಳನ್ನು ಪರವಾನಗಿ ಪಡೆದವರಿಂದಲೇ ಕೊಂಡಿದ್ದೇವೆಂದು ಪ್ರತಿವಾದಿಗಳು ಹೇಳಿದರಾದರೂ ಅದನ್ನು ಸಾಬೀತುಪಡಿಸಲಾಗಲಿಲ್ಲ. 2018ರ ಜುಲೈನಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಒಂದೊಂದು ಪ್ಲೇಯರ್‌ಗೂ ರಾಯಲ್ಟಿ ವಿಧಿಸಿತು: 2010ರ ಮೇ ತಿಂಗಳವರೆಗೆ 3.175 ಡಾಲರ್, ಅನಂತರ ಪೇಟೆಂಟ್ ಅವಧಿ ಮುಗಿಯುವವರೆಗೆ 1.90 ಡಾಲರ್. ಮೊಬೈಲ್ ಕ್ಷೇತ್ರದಲ್ಲಿ 2024ರ ಮಾರ್ಚ್‌ನಲ್ಲಿ ಎರಿಕ್ಸನ್‌ಗೆ ಲಾವಾ ಕಂಪನಿ ಸುಮಾರು 244 ಕೋಟಿ ರೂಪಾಯಿ ಕೊಡಬೇಕೆಂದು ಅದೇ ನ್ಯಾಯಾಲಯ ತೀರ್ಪಿತ್ತಿತು.

ಆದ್ದರಿಂದ ಪೂರೈಕೆದಾರರಿಂದ ಲಿಖಿತ ಭರವಸೆ ಪಡೆಯಬೇಕು. ಪೇಟೆಂಟ್ ರಾಯಲ್ಟಿ ಬೆಲೆಯಲ್ಲಿ ಅಡಕವಾಗಿದೆ, ಮೂರನೆಯವರ ತಕರಾರು ಬಂದರೆ ಖರ್ಚು ಮತ್ತು ಬದಲಿ ಪೆಟ್ಟಿಗೆ ತಮ್ಮದು ಎಂಬ ಎರಡು ವಾಕ್ಯಗಳು ಖರೀದಿ ಆದೇಶದಲ್ಲಿರಲಿ. ಟಿ.ಇ.ಸಿ. ಪ್ರಮಾಣಪತ್ರ ತೋರಿಸಿ ಸಮಾಧಾನಪಡಿಸುವ ಮಾರಾಟಗಾರರಿದ್ದಾರೆ. ಅದು ಉಪಕರಣದ ಗುಣಮಟ್ಟ, ಸುರಕ್ಷತೆಗಳ ಪರೀಕ್ಷೆಯೇ ಹೊರತು ಪೇಟೆಂಟ್ ಪರವಾನಗಿಯಲ್ಲ. ಬಿಲ್ಲಿಲ್ಲದೆ ಅಗ್ಗಕ್ಕೆ ಸಿಗುವ ಪೆಟ್ಟಿಗೆಯಲ್ಲಿ ಉಳಿತಾಯವಾಗುವುದು ಜಿ.ಎಸ್.ಟಿ. ಮಾತ್ರವಲ್ಲ, ರಾಯಲ್ಟಿಯೂ ಇರಬಹುದು.

ಇನ್ನು ಲೆಕ್ಕದ ಮಾತು. ರಾಯಲ್ಟಿ ಸರಕಿನ ಬೆಲೆಯೊಳಗೇ ಸೇರಿದ್ದರೆ ಅದು ಸರಕಿನ ಖರೀದಿ. ರಾಯಲ್ಟಿ ಎಂದು ಪ್ರತ್ಯೇಕ ಟಿ.ಡಿ.ಎಸ್. ಕಡಿತದ ಪ್ರಶ್ನೆ ಏಳದು. ಪ್ರತ್ಯೇಕ ಕರಾರಿನ ಮೇಲೆ ದೇಶದೊಳಗಿನ ಹಕ್ಕುದಾರರಿಗೆ ಕೊಟ್ಟರೆ, ಮಿತಿ ಮೀರಿದಾಗ ಶೇ. 10ರ ಕಡಿತ ಹಾಗೂ 2021ರ ಅಕ್ಟೋಬರ್‌ನಿಂದ ಶೇ. 18ರ ಜಿ.ಎಸ್.ಟಿ. ಇದೆ. ವಿದೇಶಕ್ಕೆ ಪಾವತಿಸುವಾಗ ರಿವರ್ಸ್ ಚಾರ್ಜ್ ಆಧಾರದ ಮೇಲೆ ಆ ಜಿ.ಎಸ್.ಟಿ.ಯನ್ನು ನಾವೇ ಕಟ್ಟಬೇಕು. ಮೂಲದಲ್ಲಿ ಮುರಿಯಬೇಕಾದ ಆದಾಯ ತೆರಿಗೆಯ ದರ 2023ರ ಏಪ್ರಿಲ್‌ನಿಂದ ಶೇ. 10ರ ಬದಲು ಶೇ. 20 ಆಗಿದೆ, ಸರ್ಚಾರ್ಜ್, ಸೆಸ್ ಬೇರೆ. ಜಪಾನ್, ಜರ್ಮನಿ, ಚೀನಾಗಳೊಡನೆ ಇರುವ ತೆರಿಗೆ ಒಪ್ಪಂದಗಳಲ್ಲಿ ಇದು ಶೇ. 10. ಈ ಲಾಭ ಪಡೆಯಲು ಅಲ್ಲಿನ ಕಂಪನಿಯ ನಿವಾಸಿ ಪ್ರಮಾಣಪತ್ರ ಕಡತದಲ್ಲಿರಬೇಕು. ‘ತೆರಿಗೆ ಕಳೆದು ಇಷ್ಟು ಕೊಡತಕ್ಕದ್ದು’ ಎಂಬ ಷರತ್ತಿಗೆ ಸಹಿ ಹಾಕಿದವರಿಗೆ ಪೆಟ್ಟು ಹೆಚ್ಚು. ಒಂದು ಲಕ್ಷ ರೂಪಾಯಿ ಕೈಗೆ ಮುಟ್ಟಿಸಲು ಶೇ. 20ರ ದರದಲ್ಲಿ ಸೆಸ್ ಬಿಟ್ಟೇ 1,25,000 ರೂಪಾಯಿ ಖರ್ಚು ಬೀಳುತ್ತದೆ.

2021ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ, ವಿದೇಶಿ ತಂತ್ರಾಂಶದ ಪ್ರತಿಯನ್ನು ಬಳಕೆಗೆ ಕೊಂಡ ಹಣ ರಾಯಲ್ಟಿಯಲ್ಲವೆಂದು ತೀರ್ಪು ನೀಡಿತು. ಈ ತೀರ್ಪನ್ನು ಪೇಟೆಂಟ್ ಪಾವತಿಗೂ ಎಳೆದು ತೆರಿಗೆ ಮುರಿಯದೆ ಬಿಡುವುದು ಅಪಾಯ. ಅಲ್ಲಿ ಚರ್ಚೆಯಾದದ್ದು ಕೃತಿಸ್ವಾಮ್ಯ. ಆಮದು ಮಾಡುವವರು ಮತ್ತೊಂದನ್ನು ಗಮನಿಸಬೇಕು: ಮಾರಾಟದ ಷರತ್ತಾಗಿ ಕೊಡುವ ರಾಯಲ್ಟಿಯನ್ನು 2007ರ ಕಸ್ಟಮ್ಸ್ ಮೌಲ್ಯಮಾಪನ ನಿಯಮಗಳ ಪ್ರಕಾರ ಸರಕಿನ ಮೌಲ್ಯಕ್ಕೆ ಸೇರಿಸಿ ಸುಂಕ ಲೆಕ್ಕ ಹಾಕಲಾಗುತ್ತದೆ.

ಪೇಟೆಂಟ್‌ನ ಆಯುಷ್ಯ ಅರ್ಜಿಯ ದಿನದಿಂದ 20 ವರ್ಷ. ಬಿ.ಎಸ್.ಎನ್.ಎಲ್. 2005ರಲ್ಲಿ ತಾಮ್ರದ ತಂತಿಯ ಮೇಲೆ ಬ್ರಾಡ್‌ಬ್ಯಾಂಡ್ ಆರಂಭಿಸಿದಾಗ ಬಳಸಿದ ಎ.ಡಿ.ಎಸ್.ಎಲ್.ನ 1990ರ ದಶಕದ ಮೂಲ ಪೇಟೆಂಟ್‌ಗಳ ಕಾಲ ಮುಗಿದಿದೆ. ಜಿಪಾನ್‌ನ ಆರಂಭದ ಪೇಟೆಂಟ್‌ಗಳೂ ಅದೇ ಹಾದಿಯಲ್ಲಿವೆ; 2016ರ 10 ಗಿಗಾಬಿಟ್ ಮಾನಕದವು ಹಾಗಲ್ಲ. ಕರಾರಿನಲ್ಲಿ ಹೆಸರಿಸಿದ ಪೇಟೆಂಟ್‌ಗಳೆಲ್ಲವೂ ಅವಧಿ ಮುಗಿಸಿದ್ದರೆ, ಮೂರು ತಿಂಗಳ ನೋಟಿಸ್ ಕೊಟ್ಟು ಕರಾರನ್ನು ಕೊನೆಗೊಳಿಸುವ ಹಕ್ಕು 141ನೇ ಸೆಕ್ಷನ್‌ನಲ್ಲಿದೆ. ಹಾಗಾಗಿ ಸಹಿ ಹಾಕುವ ಮುನ್ನ ಪೇಟೆಂಟ್ ಸಂಖ್ಯೆ ಹಾಗೂ ಅರ್ಜಿಯ ದಿನಾಂಕಗಳ ಪಟ್ಟಿಯನ್ನು ಕರಾರಿಗೆ ಲಗತ್ತಿಸುವಂತೆ ಕೇಳಿ ಪಡೆಯಬೇಕು.