ಅಗ್ಗದ ಚೈನ್ ಸಾ: ಕೊಳ್ಳುವ ಮುನ್ನ ಹಗ್ಗ ಎಳೆದು ನೋಡಿ

ದೀಪಾವಳಿ ರಜೆಗೆ ಊರಿಗೆ ಬಂದ ಮಗ ಮೊದಲ ದಿನ ನಿದ್ದೆ ಮಾಡುತ್ತಾನೆ. ಎರಡನೆಯ ದಿನ ತೋಟ ಸುತ್ತಿ ಬರುತ್ತಾನೆ. ಮೂರನೆಯ ದಿನ ಮೊಬೈಲಿನಲ್ಲಿ ಒಂದು ಚಿತ್ರ ಹಿಡಿದು ಅಪ್ಪನೆದುರು ನಿಲ್ಲುತ್ತಾನೆ: ‘ಅಪ್ಪಯ್ಯ, ಇಲ್ಲಿ ನೋಡು. ಚೈನ್ ಸಾ. ರೀಕಂಡಿಷನ್ ಮಾಡಿದ್ದು. ಒಂಬತ್ತು ಸಾವಿರಕ್ಕೆ ಕೊಡ್ತಾರಂತೆ!’

ಮಲೆನಾಡಿನ ಅಡಿಕೆ ತೋಟದ ಮನೆಗಳಲ್ಲಿ ಈ ಮಾತು ಈಗ ಅಪರೂಪವೇನಲ್ಲ. ಅದಕ್ಕೆ ಕಾರಣವೂ ಇದೆ. ಮಳೆಗಾಲದ ಗಾಳಿಗೆ ಬಿದ್ದ ಮರ ಬೇಲಿಯ ಮೇಲೋ, ತೋಟದ ದಾರಿಗೆ ಅಡ್ಡವಾಗಿಯೋ ತಿಂಗಳುಗಟ್ಟಲೆ ಮಲಗಿರುತ್ತದೆ. ಕೊಡಲಿ ಹಿಡಿಯುವ ಆಳುಗಳು ಸಿಗುವುದಿಲ್ಲ. ಮಿಷನ್ ಇಟ್ಟುಕೊಂಡವರಿಗೆ ಫೋನು ಮಾಡಿದರೆ ‘ನಾಳೆ ಬರ್ತೇನೆ’ ಎನ್ನುತ್ತಾರೆ. ಆ ನಾಳೆ ವಾರ ಕಳೆದರೂ ಬರುವುದಿಲ್ಲ. ಅಡಿಕೆ ಬೇಯಿಸುವ ಒಲೆಗೂ ಬಚ್ಚಲ ಹಂಡೆಗೂ ಸೌದೆಯಂತೂ ಬೇಕೇ ಬೇಕು. ಹೆಸರುವಾಸಿ ಕಂಪೆನಿಯ ಮಧ್ಯಮ ಗಾತ್ರದ ಹೊಸ ಗರಗಸಕ್ಕೆ ಮೂವತ್ತು ಸಾವಿರ ರೂಪಾಯಿ ದಾಟುವುದುಂಟು. ಹೆಸರಿಲ್ಲದ ಹೊಸ ಮಿಷನ್ ಐದಾರು ಸಾವಿರಕ್ಕೇ ಮನೆ ಬಾಗಿಲಿಗೆ ಬರುತ್ತದೆ. ಇವೆರಡರ ನಡುವೆ ನಿಂತು ಕೈಬೀಸಿ ಕರೆಯುವುದೇ ಈ ‘ರೀಕಂಡಿಷನ್’ ಮಾಲು.

ಕೊಳ್ಳಬೇಕೇ, ಬೇಡವೇ? ಇದನ್ನು ಅಪ್ಪ ಒಬ್ಬರೇ ತೀರ್ಮಾನಿಸುವಂತಿಲ್ಲ, ಮಗನೊಬ್ಬನೇ ತೀರ್ಮಾನಿಸುವಂತೆಯೂ ಇಲ್ಲ. ಹಣದ ಲೆಕ್ಕ ಹಿರಿಯರಿಗೆ ಗೊತ್ತು. ಟೂ ಸ್ಟ್ರೋಕ್ ಎಂಜಿನ್ನಿನ ಪಾಠ ಐಟಿಐ, ಡಿಪ್ಲೊಮಾ ಓದುವ ಹುಡುಗನಿಗೆ ಗೊತ್ತು. ಇಬ್ಬರೂ ಕೂತು ಮಾತಾಡಬೇಕು.

ಹುಳುವಿನಿಂದ ಕಲಿತ ಹಲ್ಲು

ಈ ಗರಗಸದ ಪೂರ್ವಜ ಇದ್ದದ್ದು ಕಾಡಿನಲ್ಲಲ್ಲ, ವೈದ್ಯರ ಕೈಯಲ್ಲಿ ಎಂದರೆ ನಂಬುವುದು ಕಷ್ಟ. 1830ರ ಸುಮಾರಿಗೆ ಜರ್ಮನಿಯ ಬರ್ನಾರ್ಡ್ ಹೈನೆ ಎಂಬಾತ ಮೂಳೆ ಕೊಯ್ಯಲೆಂದು ಒಂದು ಉಪಕರಣ ಮಾಡಿದ. ಹಿಡಿಕೆ ತಿರುಗಿಸಿದರೆ ಹಲ್ಲಿನ ಸರಪಳಿಯೊಂದು ಪಟ್ಟಿಯ ಸುತ್ತ ಓಡುತ್ತಿತ್ತು. ಮರ ಕೊಯ್ಯುವ ವಿದ್ಯುತ್ ಗರಗಸವನ್ನು ಆಂಡ್ರಿಯಾಸ್ ಸ್ಟಿಲ್ ತಯಾರಿಸಿದ್ದು 1926ರಲ್ಲಿ, ಪೆಟ್ರೋಲಿನದು ಬಂದದ್ದು 1929ರಲ್ಲಿ. ಇವನ್ನು ಹಿಡಿಯಲು ಇಬ್ಬರು ಬೇಕಾಗುತ್ತಿತ್ತು.

ಸರಪಳಿಯ ಹಲ್ಲಿನ ಕಥೆ ಇನ್ನೂ ಸ್ವಾರಸ್ಯದ್ದು. ಅಮೆರಿಕದ ಒರೆಗಾನ್ ಪ್ರಾಂತ್ಯದ ಜೋಸೆಫ್ ಕಾಕ್ಸ್ 1946ರಲ್ಲಿ ಸೌದೆ ಒಡೆಯುತ್ತಿದ್ದಾಗ ಮರದೊಳಗೆ ಒಂದು ಜೀರುಂಡೆಯ ಮರಿಹುಳು ಕಂಡ. ಎಳೆಯ ಉದ್ದಕ್ಕೂ ಅಡ್ಡಕ್ಕೂ ಅದು ಲೀಲಾಜಾಲವಾಗಿ ಕೊರೆದು ಸಾಗುತ್ತಿತ್ತು. ಅದರ ದವಡೆ ಎಡಕ್ಕೂ ಬಲಕ್ಕೂ ಬಾಗಿ ಕೊರೆಯುವುದನ್ನು ನೋಡಿ ಅದೇ ಆಕಾರದ ಉಕ್ಕಿನ ಹಲ್ಲು ಮಾಡಿದ. ಇಂದು ನಮ್ಮೂರಿನ ಮಿಷನ್ನುಗಳಲ್ಲಿ ಓಡುವ ಸರಪಳಿಯ ಒಂದು ಹಲ್ಲು ಎಡಕ್ಕೆ, ಮುಂದಿನದು ಬಲಕ್ಕೆ ಬಾಗಿರುವುದು ಆ ಹುಳುವಿನ ಕೃಪೆ!

ಎಷ್ಟು ದಿನದ ಕೆಲಸ?

ಮಿಷನ್ ನೋಡಲು ಹೋಗುವ ಮೊದಲು ಒಂದು ಹಾಳೆ, ಒಂದು ಪೆನ್ನು ತೆಗೆದುಕೊಳ್ಳಿ. ಕಳೆದ ವರ್ಷ ಎಷ್ಟು ದಿನ ಬಾಡಿಗೆ ಗರಗಸ ಕರೆಸಿದಿರಿ ಎಂದು ಬರೆಯಿರಿ. ಉದಾಹರಣೆಗೆ ದಿನಕ್ಕೆ 2,000 ರೂಪಾಯಿಯಂತೆ ಮೂರು ದಿನ ಎಂದಿಟ್ಟುಕೊಂಡರೆ ವರ್ಷಕ್ಕೆ 6,000. ಈಗ ಇನ್ನೊಂದು ಕಡೆ ಬರೆಯಿರಿ: ಹಳೆಯ ಮಿಷನ್ನಿಗೆ 9,000, ಹೊಸ ಚೈನು, ಬಾರಿಗೆ 2,500, ಹೆಲ್ಮೆಟ್ಟು, ಬೂಟು, ಕಾಲಿನ ರಕ್ಷಣೆಗೆ 6,000. ಒಟ್ಟು 17,500. ಪೆಟ್ರೋಲು, ಎಣ್ಣೆ ಬಿಟ್ಟರೂ ಹಣ ವಾಪಸು ಬರಲು ಹೆಚ್ಚುಕಡಿಮೆ ಮೂರು ವರ್ಷ. ಅದರೊಳಗೆ ಒಂದು ದೊಡ್ಡ ರಿಪೇರಿ ಬಂದರೆ ನಾಲ್ಕು. ಬಾಡಿಗೆಯವರು ತಮ್ಮ ಮಿಷನ್ನಿನ ಜೊತೆ ತಮ್ಮ ಅನುಭವವನ್ನೂ ತರುತ್ತಾರೆ. ಅದಕ್ಕೆ ಈ ಲೆಕ್ಕದಲ್ಲಿ ಬೆಲೆಯನ್ನೇ ಕಟ್ಟಿಲ್ಲ.

ವರ್ಷಕ್ಕೆ ಮೂರು ದಿನದ ಕೆಲಸಕ್ಕೆ ಮಿಷನ್ ಕೊಳ್ಳುವುದು, ಊರಿಗೆ ವರ್ಷಕ್ಕೊಮ್ಮೆ ಹೋಗಲು ಬಸ್ಸು ಕೊಂಡಂತೆ. ಹತ್ತು ಹದಿನೈದು ದಿನದ ಕೆಲಸವಿದ್ದರೆ, ಅಥವಾ ನೆರೆಯ ಎರಡು ಮೂರು ಮನೆಯವರು ಪಾಲು ಹಾಕಿಕೊಂಡರೆ ಮಾತು ಬೇರೆ. ಅಂಗಳದಲ್ಲಿ ಸೌದೆ ತುಂಡರಿಸುವುದಷ್ಟೇ ಇದ್ದರೆ ವೈರಿನ ವಿದ್ಯುತ್ ಗರಗಸವೇ ಸಾಕು. ಅದಕ್ಕೆ ಕಾರ್ಬುರೇಟರಿನ ಕಾಟವಿಲ್ಲ.

ಹೊಸ ಬಣ್ಣದ ಕೆಳಗೆ

ರೀಕಂಡಿಷನ್ ಎಂಬ ಮಾತಿಗೆ ಒಂದೇ ಅರ್ಥವಿಲ್ಲ. ಎಂಜಿನ್ ಪೂರ್ತಿ ಬಿಚ್ಚಿ ಪಿಸ್ಟನ್, ರಿಂಗು, ಸೀಲು, ಬೇರಿಂಗು ಬದಲಿಸಿದ್ದೂ ರೀಕಂಡಿಷನ್ನೇ. ಸೀಮೆಎಣ್ಣೆಯಲ್ಲಿ ತೊಳೆದು, ಕಿತ್ತಳೆ ಬಣ್ಣ ಹೊಡೆದು, ಹೊಸ ಸ್ಟಿಕ್ಕರ್ ಅಂಟಿಸಿದ್ದೂ ರೀಕಂಡಿಷನ್ನೇ. ಹಾಗಾಗಿ ಮೊದಲ ಪ್ರಶ್ನೆ ‘ಎಷ್ಟಕ್ಕೆ ಕೊಡ್ತೀರಿ’ ಎಂದಾಗಬಾರದು. ‘ಯಾವ ಯಾವ ಸಾಮಾನು ಬದಲಿಸಿದ್ದೀರಿ? ಹಳೆಯ ಸಾಮಾನು ಇದೆಯೇ? ಮೊದಲು ಯಾರ ಹತ್ತಿರ ಇತ್ತು?’ ಎಂದು ಕೇಳಬೇಕು. ಮನೆ ಬಳಕೆಗೆ ಇದ್ದ ಹತ್ತು ವರ್ಷದ ಮಿಷನ್, ಗುತ್ತಿಗೆದಾರರ ಕೈಯಲ್ಲಿ ದಿನಕ್ಕೆ ಎಂಟು ತಾಸು ದುಡಿದ ಎರಡು ವರ್ಷದ ಮಿಷನ್ನಿಗಿಂತ ಎಷ್ಟೋ ಮೇಲು.

ನೋಡಲು ಹೋದಾಗ ಮೊದಲು ಸಿಲಿಂಡರಿನ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಓಡಿಸಿಟ್ಟಿದ್ದಾರೆ ಎಂದರ್ಥ. ಬಿಸಿ ಎಂಜಿನ್ ಸುಲಭವಾಗಿ ಸ್ಟಾರ್ಟ್ ಆಗಿ ತನ್ನ ರೋಗ ಮುಚ್ಚಿಕೊಳ್ಳುತ್ತದೆ. ಒಂದು ಟೀ ಕುಡಿದು, ತಣ್ಣಗಾದ ಮೇಲೆ ಶುರು ಮಾಡಿ.

ಎಂಜಿನ್ ಬಂದ್ ಇರುವಾಗ ಸ್ಟಾರ್ಟರ್ ಹಗ್ಗದ ಹಿಡಿಕೆ ಹಿಡಿದು ಮಿಷನ್ನನ್ನು ನಿಧಾನವಾಗಿ ಮೇಲೆತ್ತಿ. ಪಿಸ್ಟನ್ನು, ರಿಂಗು ಚೆನ್ನಾಗಿದ್ದರೆ ಮಿಷನ್ ತನ್ನ ಭಾರಕ್ಕೆ ತಡೆತಡೆದು, ಒಂದೊಂದೇ ಮೆಟ್ಟಿಲು ಇಳಿದಂತೆ ಕೆಳಗಿಳಿಯುತ್ತದೆ. ಸರ್‍ರನೆ ಇಳಿದುಬಿಟ್ಟರೆ ಒಳಗೆ ಕಂಪ್ರೆಷನ್ ಇಲ್ಲ. ಗೇಜು ಇರುವ ಮೆಕ್ಯಾನಿಕ್ ಸಿಕ್ಕರೆ ಇನ್ನೂ ಒಳ್ಳೆಯದು. ಸಾಮಾನ್ಯವಾಗಿ 150 ಪಿ.ಎಸ್.ಐ. ಆಸುಪಾಸು ಬಂದರೆ ಸಂತೋಷ, 120ಕ್ಕಿಂತ ಕೆಳಗಿದ್ದರೆ ಆಸೆ ಬಿಡುವುದು ಒಳ್ಳೆಯದು.

ಮುಂದಿನದು ಸೈಲೆನ್ಸರ್. ಎರಡು ಮೂರು ಸ್ಕ್ರೂ ಬಿಚ್ಚಿದರೆ ಅದು ಕಳಚಿ ಬರುತ್ತದೆ. ಒಳಗೆ ಟಾರ್ಚು ಬಿಟ್ಟರೆ ಪಿಸ್ಟನ್ನಿನ ಪಕ್ಕೆ ಕಾಣುತ್ತದೆ. ನುಣುಪಾಗಿದ್ದರೆ ಸರಿ. ಉದ್ದುದ್ದ ಗೀರು ಬಿದ್ದಿದ್ದರೆ ಯಾರೋ ಎಣ್ಣೆ ಬೆರೆಸದ ಪೆಟ್ರೋಲು ಹಾಕಿ ಓಡಿಸಿದ್ದಾರೆ, ಇಲ್ಲವೇ ಎಲ್ಲೋ ಗಾಳಿ ಸೋರಿ ಎಂಜಿನ್ ಬೆಂದಿದೆ. ಇಲ್ಲಿ ಪಠ್ಯಪುಸ್ತಕ ನೆನಪಿಸಿಕೊಳ್ಳಬಹುದು: ಟೂ ಸ್ಟ್ರೋಕ್ ಎಂಜಿನ್ನಿಗೆ ಕಾರಿನಂತೆ ಬೇರೆ ಎಣ್ಣೆ ತೊಟ್ಟಿ ಇಲ್ಲ. ಪೆಟ್ರೋಲಿನಲ್ಲಿ ಬೆರೆತ ಎಣ್ಣೆಯೇ ಬೇರಿಂಗಿಗೂ ಪಿಸ್ಟನ್ನಿಗೂ ಜೀವ. ಅದಕ್ಕಾಗಿಯೇ ಈ ಮಿಷನ್ನನ್ನು ಓರೆಯಾಗಿ, ಅಡ್ಡಡ್ಡ ಹೇಗೆ ಹಿಡಿದರೂ ಓಡುತ್ತದೆ. ಅದಕ್ಕಾಗಿಯೇ ಎಣ್ಣೆ ಮರೆತರೆ ನಿಮಿಷಗಳಲ್ಲಿ ಸಾಯುತ್ತದೆ. ಗೀರು ಬಿದ್ದ ಮಿಷನ್ನಿಗೆ ಎಷ್ಟು ಚೌಕಾಸಿ ಮಾಡಿದರೂ ದುಬಾರಿಯೇ.

ಸ್ಟಾರ್ಟ್ ಆದ ಮೇಲೆ ಆಕ್ಸಿಲರೇಟರ್ ಬಿಟ್ಟುಬಿಡಿ. ಎಂಜಿನ್ ಒಂದೇ ಸಮನೆ ಓಡಬೇಕು, ಚೈನು ಅಲುಗಬಾರದು. ತಾನಾಗಿಯೇ ಸದ್ದು ಏರಿ ಇಳಿಯುತ್ತಿದ್ದರೆ ಸೀಲು ಸೋರುತ್ತಿರುವ ಅನುಮಾನವಿದೆ. ಬಾರಿನ ತುದಿಯನ್ನು ಒಂದು ಬಿಳಿ ರಟ್ಟಿನತ್ತ, ಅದಕ್ಕೆ ತಾಗದಂತೆ ಹಿಡಿದು ಎಂಜಿನ್ ಜೋರು ಮಾಡಿದರೆ ರಟ್ಟಿನ ಮೇಲೆ ಎಣ್ಣೆಯ ಗೆರೆ ಬೀಳಬೇಕು. ಬೀಳದಿದ್ದರೆ ಚೈನಿಗೆ ಎಣ್ಣೆ ಹೋಗುತ್ತಿಲ್ಲ. ಬಾರು, ಚೈನು, ಸ್ಪ್ರಾಕೆಟ್ ಸವೆದಿದ್ದರೆ ಅದಕ್ಕೆ ಹೆದರಬೇಕಿಲ್ಲ. ಅವು ಸೈಕಲ್ಲಿನ ಟಯರಿನಂತೆ, ಸವೆಯಲೆಂದೇ ಇರುವ ಸಾಮಾನು. ಅವುಗಳ ಬೆಲೆಯನ್ನು ಕಳೆದು ಚೌಕಾಸಿ ಮಾಡಿ.

ಬ್ರೇಕಿಲ್ಲದಿದ್ದರೆ ಬೇಡ

ಮೇಲಿನ ಯಾವ ಪರೀಕ್ಷೆಯಲ್ಲಿ ಸೋತರೂ ಹೋಗುವುದು ಹಣ. ಈಗ ಹೇಳುವುದರಲ್ಲಿ ಸೋತರೆ ಹೋಗುವುದು ಹಣವಲ್ಲ.

ಪೂರ್ತಿ ವೇಗದಲ್ಲಿ ಚೈನು ಸೆಕೆಂಡಿಗೆ 20 ಮೀಟರಿನ ಆಸುಪಾಸು ಓಡುತ್ತದೆ. ಗಂಟೆಗೆ ಲೆಕ್ಕ ಹಾಕಿದರೆ 72 ಕಿಲೋಮೀಟರ್. ಬಾರಿನ ತುದಿಯ ಮೇಲರ್ಧ ಗಟ್ಟಿಯಾದ ಯಾವುದಕ್ಕಾದರೂ ತಾಗಿದರೆ ಹಲ್ಲು ಅಲ್ಲೇ ಕಚ್ಚಿಕೊಂಡು, ಆ ವೇಗವೆಲ್ಲ ಹಿಂದಕ್ಕೆ ತಿರುಗಿ, ಇಡೀ ಬಾರನ್ನು ಹಿಡಿದವರ ಮುಖ, ಕುತ್ತಿಗೆಯತ್ತ ಎತ್ತಿ ಒಗೆಯುತ್ತದೆ. ಇದಕ್ಕೆ ಕಿಕ್‌ಬ್ಯಾಕ್ ಎನ್ನುತ್ತಾರೆ. ಕಣ್ಣು ರೆಪ್ಪೆ ಬಡಿಯುವುದರೊಳಗೆ ಆಗಿಹೋಗುವ ಸಂಗತಿ ಇದು. ತಪ್ಪಿಸಿಕೊಳ್ಳುತ್ತೇನೆ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಇದಕ್ಕೆಂದೇ ಚೈನ್ ಬ್ರೇಕ್ ಇರುವುದು. ಮುಂದಿನ ಹಿಡಿಕೆಯ ಎದುರಿರುವ ಆ ಅಡ್ಡಪಟ್ಟಿ ಬರೀ ಕೈಗೆ ಮರೆಯಲ್ಲ. ಅದು ಮುಂದಕ್ಕೆ ಬಿದ್ದೊಡನೆ ಒಳಗಿನ ಉಕ್ಕಿನ ಪಟ್ಟಿ ಕ್ಲಚ್ ಡ್ರಮ್ಮನ್ನು ಬಿಗಿದು ಚೈನನ್ನು ನಿಲ್ಲಿಸುತ್ತದೆ.

ಮಾರುವವರಿಂದಲೇ ಇದನ್ನು ಮಾಡಿಸಿ ನೋಡಿ. ಮಿಷನ್ನನ್ನು ನೆಲದ ಮೇಲೆ ಒತ್ತಿಟ್ಟು, ಎಂಜಿನ್ ಜೋರು ಮಾಡಿ, ಪಟ್ಟಿಯನ್ನು ಮುಂದಕ್ಕೆ ತಳ್ಳಬೇಕು. ಚೈನು ಥಟ್ಟನೆ ನಿಲ್ಲಬೇಕು. ಜಾರಿ ಜಾರಿ ನಿಂತರೆ, ಅಥವಾ ‘ಅದನ್ನ ತೆಗೆದುಹಾಕಿದ್ದೇವೆ, ಕೆಲಸಕ್ಕೆ ಅಡ್ಡ ಬರ್ತದೆ’ ಎಂದರೆ ನಮಸ್ಕಾರ ಹೇಳಿ ಹೊರಟುಬಿಡಿ. ಆಕ್ಸಿಲರೇಟರಿನ ಮೇಲಿನ ಲಾಕು, ತುಂಡಾದ ಚೈನನ್ನು ಹಿಡಿಯುವ ಕೆಳಗಿನ ಕೊಕ್ಕೆ ಇವೆಯೇ ಎಂಬುದನ್ನೂ ನೋಡಿ. ಹಳೆಯ ಮಿಷನ್ನುಗಳಲ್ಲಿ ಮೊದಲು ಕಾಣೆಯಾಗುವುದು ಇವೇ.

ಯಾರು ಹಿಡಿಯುವುದು?

ಮನೆಯಲ್ಲಿ ಮುಂಚಿತವಾಗಿಯೇ ಮಾತಾಗಬೇಕಾದದ್ದು ಇದು. ಹದಿನೆಂಟು ತುಂಬದ ಮಕ್ಕಳ ಕೈಗೆ ಈ ಮಿಷನ್ ಕೊಡಲೇಬಾರದು. ಎಂಜಿನ್ ಬಿಚ್ಚಿ ಜೋಡಿಸುವುದು, ಅರದಿಂದ ಹಲ್ಲು ಹರಿತ ಮಾಡುವುದನ್ನು ಕಲಿಸಿ, ಅದರಲ್ಲೇ ಬೇಕಾದಷ್ಟು ವಿದ್ಯೆ ಇದೆ. ಹದಿನೆಂಟು ದಾಟಿದ ಮಗನಾದರೂ ಅನುಭವಸ್ಥರ ಜೊತೆ ನಾಲ್ಕಾರು ದಿನ ನಿಂತು ಕಲಿಯಲಿ. ನೆಲದ ಮೇಲಿನ ದಿಮ್ಮಿಯಿಂದ ಶುರುಮಾಡಲಿ. ಭುಜಕ್ಕಿಂತ ಮೇಲೆ ಎತ್ತಿ ಕೊಯ್ಯುವುದು, ಏಣಿ ಹತ್ತಿ ಕೊಯ್ಯುವುದು, ತೋಟದಲ್ಲಿ ಒಬ್ಬನೇ ಇರುವಾಗ ಕೊಯ್ಯುವುದು ಮೂರೂ ಕೂಡದು.

ಒಂದು ವಿಚಿತ್ರವೆಂದರೆ, ನಾವು ಮಿಷನ್ ಕೊಳ್ಳಲು ಹೊರಡುವುದೇ ಗಾಳಿಗೆ ಬಿದ್ದ ಮರ ಕೊಯ್ಯಲಿಕ್ಕೆ. ಹೊಸಬರಿಗೆ ಎಲ್ಲಕ್ಕಿಂತ ಅಪಾಯದ್ದೂ ಅದೇ. ನಿಂತ ಮರ ಎತ್ತ ಬೀಳುತ್ತದೆಂದು ಊಹಿಸಬಹುದು. ಬಿದ್ದ ಮರದ ಕೊಂಬೆಗಳು ಬಿಲ್ಲಿನಂತೆ ಬಾಗಿ ನಿಂತಿರುತ್ತವೆ. ತಪ್ಪು ಕಡೆ ಗರಗಸ ಇಟ್ಟರೆ ಒಂದೋ ಬಾರು ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಕೊಂಬೆ ಸಿಡಿದು ಎದೆಗೆ ಬಡಿಯುತ್ತದೆ. ಕಾಂಡ ಕೊಯ್ದೊಡನೆ ಬುಡ ಬೇರುಸಮೇತ ಮತ್ತೆ ಎದ್ದು ಕುಳಿತುಕೊಳ್ಳುವುದೂ ಉಂಟು. ಅಂಥ ಮರವನ್ನು ಮಿಷನ್ ಕೊಂಡ ಮೇಲೂ ಬಾಡಿಗೆಯವರಿಗೇ ಬಿಡುವುದು ಜಾಣತನ.

ಲುಂಗಿ ಎತ್ತಿ ಕಟ್ಟಿ, ಹವಾಯಿ ಚಪ್ಪಲಿಯಲ್ಲಿ ಮರ ಕೊಯ್ಯುವವರನ್ನು ನಾವೆಲ್ಲ ನೋಡಿದ್ದೇವೆ. ಅವರಿಗೆ ಏನೂ ಆಗಿಲ್ಲವಲ್ಲ ಎನ್ನುವವರು, ಆದವರು ಈಗ ಮರ ಕೊಯ್ಯುತ್ತಿಲ್ಲ ಎಂಬುದನ್ನು ಮರೆಯುತ್ತಾರೆ. ಈ ಗರಗಸದ ಸದ್ದು 100 ಡೆಸಿಬೆಲ್ ದಾಟುತ್ತದೆ. ಕಿವಿಗೆ ಮರೆ ಬೇಕು. ಕಣ್ಣಿಗೆ ಜಾಲರಿ, ಕಾಲಿಗೆ ಗಟ್ಟಿ ಬೂಟು ಬೇಕು. ತೊಡೆಗೆ ಕಟ್ಟುವ ವಿಶೇಷ ಬಟ್ಟೆಯೊಂದಿದೆ. ಚೈನು ತಾಗಿದೊಡನೆ ಅದರೊಳಗಿನ ಉದ್ದನೆಯ ನೂಲುಗಳು ಎಳೆದು ಬಂದು ಸ್ಪ್ರಾಕೆಟ್ಟಿಗೆ ಸುತ್ತಿ ಮಿಷನ್ನನ್ನೇ ಸಿಕ್ಕಿಸಿ ನಿಲ್ಲಿಸುತ್ತವೆ. ಇದಕ್ಕೆಲ್ಲ ಹಣ ಸಾಲದಾದರೆ ಮಿಷನ್ನಿಗೂ ಹಣ ಸಾಲದು ಎಂದೇ ಲೆಕ್ಕ.

ಬಿಲ್ಲು, ಕಾನೂನು, ಪೆಟ್ರೋಲು

ಗರಗಸ ನಮ್ಮದು, ಜಾಗವೂ ನಮ್ಮದು ಎಂದ ಮಾತ್ರಕ್ಕೆ ಮರ ಕಡಿಯುವಂತಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಸ್ವಂತ ಜಮೀನಿನ ಮರಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗು, ರಬ್ಬರ್, ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಅರಣ್ಯ ಅಪರಾಧದಲ್ಲಿ ಬಳಸಿದ ಹತಾರಗಳನ್ನು ಇಲಾಖೆ ವಶಪಡಿಸಿಕೊಳ್ಳಬಹುದು. ಆದ್ದರಿಂದಲೇ ಬಿಲ್ಲಿಲ್ಲದ, ಸೀರಿಯಲ್ ನಂಬರು ಉಜ್ಜಿ ತೆಗೆದ ಮಿಷನ್ ಎಷ್ಟೇ ಅಗ್ಗವಾದರೂ ಮನೆಗೆ ತರಬೇಡಿ. ಬಿಲ್ಲಿನಲ್ಲಿ ನಂಬರು, ಮಾರಿದವರ ವಿಳಾಸ, ಬದಲಿಸಿದ ಸಾಮಾನಿನ ಪಟ್ಟಿ ಮೂರನ್ನೂ ಬರೆಸಿಕೊಳ್ಳಿ. ಮೂರು ತಿಂಗಳ ಗ್ಯಾರಂಟಿ ಕೇಳುವುದರಲ್ಲಿ ನಾಚಿಕೆಯೇನಿಲ್ಲ.

ಎಲ್ಲ ಸರಿಯಾಗಿ ಕೊಂಡೇಬಿಟ್ಟಿರಿ ಎನ್ನೋಣ. 50:1 ಮಿಶ್ರಣವಾದರೆ ಲೀಟರ್ ಪೆಟ್ರೋಲಿಗೆ 20 ಮಿಲಿ ಲೀಟರ್ ಟೂ ಸ್ಟ್ರೋಕ್ ಎಣ್ಣೆ. 25:1 ಆದರೆ 40. ಯಾವುದೆಂಬುದು ಮಿಷನ್ನಿನ ಪುಸ್ತಕದಲ್ಲಿರುತ್ತದೆ. 2025ರಿಂದ ನಮ್ಮ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇರುತ್ತದೆ. ಎಥೆನಾಲ್ ತೇವ ಹೀರುತ್ತದೆ, ಹಳೆಯ ಮಿಷನ್ನುಗಳ ರಬ್ಬರ್ ಪೈಪು ಮತ್ತು ಕಾರ್ಬುರೇಟರಿನ ಡಯಾಫ್ರಮ್ಮನ್ನು ಕೆಡಿಸುತ್ತದೆ. ಕೆಲಸ ಮುಗಿದ ದಿನವೇ ಟ್ಯಾಂಕ್ ಬರಿದು ಮಾಡಿ, ಉಳಿದದ್ದು ಸುಟ್ಟುಹೋಗುವವರೆಗೆ ಓಡಿಸಿ ಇಡಿ. ಕೊಳ್ಳುವಾಗಲೇ ಅದೇ ಮಾದರಿಯ ಒಂದು ಡಯಾಫ್ರಂ ಕಿಟ್, ಒಂದು ಹೆಚ್ಚಿನ ಪೈಪು ಕೇಳಿ ತನ್ನಿ. ಅವು ಆ ಅಂಗಡಿಯಲ್ಲೇ ಸಿಗದಿದ್ದರೆ, ಬಿಡಿಭಾಗ ಸಿಗದ ಮಿಷನ್ ಅದು ಎಂದು ಹಣ ಕೊಡುವ ಮೊದಲೇ ತಿಳಿದಂತಾಗುತ್ತದೆ.