ಹಾಲುಹಲ್ಲು ಹೇಗೂ ಬೀಳುವುದಲ್ಲವೇ?



ನಮ್ಮ ವೈದ್ಯಕೀಯ ನೆರವು ನಿಧಿಗೆ ಬರುವ ಅರ್ಜಿಗಳಲ್ಲಿ ಮಕ್ಕಳ ಹಲ್ಲಿನದು ಅಪರೂಪ. ಹೇಗೂ ಬೀಳುವ ಹಲ್ಲಿಗೆ ಖರ್ಚೇಕೆ ಎಂಬ ಲೆಕ್ಕ. ಬ್ಯಾಂಕಿನಲ್ಲಿ ದುಡಿದ ನಾನೂ ಹಾಗೆಯೇ ಎಣಿಸಿದ್ದೆ, ಲೆಕ್ಕ ತಪ್ಪು. ಹಾಲಿನ ದವಡೆಹಲ್ಲು 10-12 ವರ್ಷದವರೆಗೆ ಬೇಕು. ಹುಳುಕಾಗಿ ಬೇಗ ಕೀಳಿಸಿದರೆ ಪಕ್ಕದ ಹಲ್ಲು ವಾಲಿ, ಹೊಸದಕ್ಕೆ ಜಾಗ ಸಾಲದು. 6ನೇ ವರ್ಷಕ್ಕೆ ಹಿಂದುಗಡೆ ಮೂಡುವ ದವಡೆಹಲ್ಲಂತೂ ಶಾಶ್ವತ. ಅದನ್ನೂ ಹಾಲುಹಲ್ಲೆಂದೇ ಅಲಕ್ಷಿಸುತ್ತೇವೆ.

ಬಾಯಲ್ಲಿ ಹಾಲಿನ ಬಾಟಲಿ ಇಟ್ಟು ಮಲಗಿಸಬೇಡಿ. ಮೊದಲ ಹಲ್ಲಿನಿಂದಲೇ ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟ್, 3 ವರ್ಷದ ಮೇಲೆ ಬಟಾಣಿಯಷ್ಟು, ದಿನಕ್ಕೆರಡು ಸಲ. ರಾತ್ರಿಯದು ತಪ್ಪಬಾರದು.

ಸೀವುಡ್ಸ್‌ನಿಂದ ಒಂದೇ ಸ್ಟೇಷನ್ ಆಚೆ, ನೆರೂಲ್‌ನಲ್ಲಿ ಡಿ.ವೈ. ಪಾಟೀಲ್ ಮತ್ತು ತೇರಣಾ ದಂತ ಕಾಲೇಜುಗಳಿವೆ. ಹೋಗಲು ಕೈಯಲ್ಲಿ ಹಣವಿಲ್ಲದ ಮನೆಗಳ ಮಕ್ಕಳಿಗಾಗಿಯೇ ಈ ಸಲದ ಮನವಿ. ಕೊಟ್ಟವರು ರಸೀದಿ ಕೇಳಿ ಪಡೆಯಿರಿ.